ಹತ್ತಿಯಲ್ಲಿ ಸುತ್ತಿಟ್ಟ ಗಂಟೆ

ಹಲಸೂರು
20 ಜನವರಿ 1943

ಮಂಜುಳಾ,

ನಾಮಕರಣದ ಸಂಜೆಯೇ ನಾನು ಎದ್ದು ಓಡಿಬಂದದ್ದಕ್ಕೆ ನಿಮ್ಮ ಮನೆಯಲ್ಲಿ ಎಲ್ಲರಿಗೂ ಬೇಸರವಾಗಿದೆಯೆಂದು ಗೊತ್ತು. ನಿಮ್ಮಪ್ಪ ಎಲೆ ಅಡಿಕೆ ಕೊಡುವಾಗ ನನ್ನ ಮುಖ ನೋಡದೆ ಎತ್ತುಗಳ ಕಡೆ ನೋಡುತ್ತಿದ್ದರು. ಏನು ಮಾಡಲಿ ಹೇಳು. ಸೋಮವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮೂರನೆಯ ತಂಡ ಬಂದು ಬೆಂಚಿನ ಮೇಲೆ ಕೂತಿತ್ತು. ಹವಾಲ್ದಾರರು, ಕಾರ್ಖಾನೆಯ ಮೇಸ್ತ್ರಿಗಳು, ಇಬ್ಬರು ಗುಮಾಸ್ತರು. ಯಾವ ಮನುಷ್ಯ ಯಾವ ಕೆಲಸಕ್ಕೆ ಲಾಯಕ್ಕು ಎಂಬುದನ್ನು ಪರೀಕ್ಷೆ ಕೊಟ್ಟು ಕಂಡುಹಿಡಿಯುವ ವಿದ್ಯೆಯನ್ನು ಎರಡು ವಾರದಲ್ಲಿ ಅವರ ತಲೆಗೆ ತುಂಬಬೇಕು. ಕಾಲೇಜಿನಲ್ಲಿ ಇದನ್ನೇ ಎರಡು ವರ್ಷ ಹೇಳುತ್ತಿದ್ದೆ, ಆಗಲೂ ಅರ್ಧ ಜನಕ್ಕೆ ಹತ್ತುತ್ತಿರಲಿಲ್ಲ. ಯುದ್ಧ ಮುಗಿಯುವ ತನಕ ಕಾಲೇಜಿನವರು ನನ್ನನ್ನು ದಂಡಿನವರಿಗೆ ಎರವಲು ಕೊಟ್ಟಿದ್ದಾರೆ. ಎರವಲು ತಂದ ಪಾತ್ರೆಯನ್ನು ಯಾರು ಜೋಪಾನ ಮಾಡುತ್ತಾರೆ?

ಸಂಜೆ ಆ ಕೆಲಸ ಮುಗಿದ ಮೇಲೆ ನನ್ನ ಸ್ವಂತ ಕೆಲಸ. ಜೋಗುಪಾಳ್ಯದ ಹನ್ನೆರಡು ಕೂಸುಗಳ ಮನೆಗೆ ತಿಂಗಳಿಗೊಮ್ಮೆ ಹೋಗಿ, ಕೂಸಿನ ತಲೆಯ ಹಿಂದೆ ಕಾಣದಂತೆ ನಿಂತು ಸಣ್ಣ ಗಂಟೆಯೊಂದನ್ನು ಬಾರಿಸುತ್ತೇನೆ. ತಿರುಗಿ ನೋಡಿತೇ, ಕಣ್ಣು ಮಾತ್ರ ಹೊರಳಿತೇ, ಸುಮ್ಮನಿತ್ತೇ ಎಂದು ಬರೆದುಕೊಳ್ಳುತ್ತೇನೆ. ನಮ್ಮ ದೇಶದ ಮಕ್ಕಳು ಶಬ್ದಕ್ಕೆ ಯಾವ ವಯಸ್ಸಿನಲ್ಲಿ ತಿರುಗುತ್ತವೆಂದು ಇದುವರೆಗೆ ಯಾರೂ ಹೀಗೆ ಕೂತು ನೋಡಿದ್ದು ನನಗೆ ಗೊತ್ತಿಲ್ಲ. ನನ್ನ ಪ್ರಬಂಧವೆಲ್ಲ ಇಷ್ಟೇ. ನಿಮ್ಮಪ್ಪನಿಗೆ ಇದನ್ನು ವಿವರಿಸಿದಾಗ, "ಇದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಕೇಳಿದ್ದರು, ನೆನಪಿದೆಯಾ?

ಈಗ ವಿಷಯಕ್ಕೆ ಬರುತ್ತೇನೆ. ಜೋಗುಪಾಳ್ಯದ ಮಕ್ಕಳು ನನಗೆ ಸಿಗುವ ಹೊತ್ತಿಗೆ ದೇವಸ್ಥಾನದ ಗಂಟೆ, ಜಟಕಾ ಗಂಟೆ ಎಲ್ಲ ಕೇಳಿ ಕೇಳಿ ಪಳಗಿಬಿಟ್ಟಿರುತ್ತವೆ. ಹುಟ್ಟಿದಾಗಿನಿಂದ ಗಂಟೆಯ ಸದ್ದೇ ಕೇಳದ ಒಂದು ಕೂಸು ಬೇಕೆಂದು ಬಹಳ ದಿನದಿಂದ ಆಸೆ. ನಮ್ಮ ಪುಟ್ಟಿಯೇ ಆ ಹದಿಮೂರನೆಯವಳು! ನಾನು ಹತ್ತಿಯಲ್ಲಿ ಸುತ್ತಿ ನಿನ್ನ ಟ್ರಂಕಿನಲ್ಲಿಟ್ಟು ಬಂದ ಅಂಥದೇ ಇನ್ನೊಂದು ಗಂಟೆಯನ್ನು ಯಾರೂ ಮುಟ್ಟಬಾರದು. ನಾಲ್ಕು ತಿಂಗಳು ತುಂಬಿದಾಗ ನಾನೇ ಬಂದು ಬಾರಿಸುತ್ತೇನೆ. ಅಲ್ಲಿಯವರೆಗೆ ಕಾಲಿಗೆ ಗೆಜ್ಜೆ ಬೇಡ, ಗಿಲಕಿ ಬೇಡ, ಬೆನ್ನ ಹಿಂದೆ ಚಪ್ಪಾಳೆ ಬೇಡ. ಮಾತಾಡಿಸುವುದಾದರೆ ಎದುರಿಗೆ ನಿಂತು ಮಾತಾಡಿಸಿ, ಹಿಂದಿನಿಂದ ಕರೆಯಬೇಡಿ. ಒಂದು ಸಲ ಅಭ್ಯಾಸವಾಗಿಬಿಟ್ಟರೆ ಪರೀಕ್ಷೆ ಕೆಟ್ಟಿತು.

ಪಥ್ಯ ಬಿಡಬೇಡ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಅಂಜನಮೂರ್ತಿ

ಗರುಡಾಚಾರ್‌ಪಾಳ್ಯ
24 ಫೆಬ್ರವರಿ 1943

ಊರಿಗೆಲ್ಲ ಪಾಠ ಹೇಳುವ ನಮ್ಮ ಯಜಮಾನರಿಗೆ, ಮನೆಯಲ್ಲೇ ಕೂತು ಪಾಠ ಒಪ್ಪಿಸುವವಳ ನಮಸ್ಕಾರಗಳು.

ನಿಮ್ಮ ಅಪ್ಪಣೆಯಂತೆ ಎಲ್ಲ ನಡೆಯುತ್ತಿದೆ. ನಡೆಯುತ್ತಿರುವುದು ಎಷ್ಟರಮಟ್ಟಿಗೆ ಎಂದರೆ, ಅಪ್ಪ ಎತ್ತುಗಳ ಕೊರಳ ಗೆಜ್ಜೆಸರ ಬಿಚ್ಚಿ ಅಟ್ಟಕ್ಕೆ ಹಾಕಿದ್ದಾರೆ. ಮೊದಮೊದಲು ಗೊಣಗಿದರು. ಆಮೇಲೆ ಎಂ.ಎ. ಓದಿದ ಅಳಿಯ ಹೇಳಿದ್ದಾನೆಂದರೆ ಅದರಲ್ಲಿ ಏನೋ ಇರಬೇಕು ಎಂದು ತಾವೇ ಬಿಚ್ಚಿದರು. ಗಾಡಿ ಸದ್ದಿಲ್ಲದೆ ಬರುವುದನ್ನು ನೋಡಿ ಊರವರು, "ಏನ್ ಮುನಿವೆಂಕಟಪ್ಪ, ಕದ್ದ ಎತ್ತಾ?" ಎಂದು ಕೇಳುತ್ತಾರಂತೆ. ಅಮ್ಮ ಪೂಜೆಯಲ್ಲಿ ಗಂಟೆ ಬಾರಿಸದೆ ದೀಪ ಮಾತ್ರ ಬೆಳಗುತ್ತಾಳೆ. ಅಳಿಯನ ಪರೀಕ್ಷೆ ಮುಗಿಯಲಿ, ಆಮೇಲೆ ಎರಡರಷ್ಟು ಬಾರಿಸುತ್ತೇನೆಂದು ಮನೆದೇವತೆ ಪಟಾಲಮ್ಮನಿಗೆ ದಿನಾ ತಪ್ಪೊಪ್ಪಿಕೊಳ್ಳುತ್ತಾಳೆ. ಆ ತಾಯಿಯ ಹೆಸರನ್ನೇ ಮಗುವಿಗೆ ಇಟ್ಟು ಆ ತಾಯಿಗೇ ಗಂಟೆ ನಿಲ್ಲಿಸಿದ್ದೀರಲ್ಲ, ನಿಮ್ಮ ಧೈರ್ಯಕ್ಕೆ ಏನನ್ನಬೇಕೋ. ಅಜ್ಜಿ ಮಾಡಿಸಿದ ಬೆಳ್ಳಿ ಗೆಜ್ಜೆ ಟ್ರಂಕಿನಲ್ಲಿ ನಿಮ್ಮ ಗಂಟೆಯ ಪಕ್ಕದಲ್ಲೇ ಮಲಗಿದೆ.

ಪುಟ್ಟಿಗೆ ಈ ನಡುವೆ ಜೋರು ಜ್ವರ ಬಂದಿತ್ತು. ಮೈ ಕೆಂಡವಾಗಿತ್ತು, ಹಾಲು ಬಿಟ್ಟಿತ್ತು. ನಿಮಗೆ ಹೇಳಿಕಳಿಸೋಣವೆಂದರೆ ಅಪ್ಪ, ಅಳಿಯಂದಿರಿಗೆ ತೊಂದರೆ ಯಾಕೆ, ಹಲ್ಲಿನ ಜ್ವರವಿರಬಹುದು ಎಂದರು. ಎರಡು ತಿಂಗಳಿಗೆ ಎಂಥ ಹಲ್ಲು! ಈಗ ಇಳಿದಿದೆ. ಬಲಗಿವಿಯಿಂದ ಸ್ವಲ್ಪ ನೀರು ಒಸರುತ್ತದೆ. ಅಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತೇನೆ ಎನ್ನುತ್ತಾಳೆ. ನಿಮ್ಮ ಪುಸ್ತಕ ಏನು ಹೇಳುತ್ತದೆ?

ಜ್ವರ ಬಿಟ್ಟ ಮೇಲಂತೂ ಬಹಳ ಸಾಧು. ಮಲಗಿದರೆ ಪಕ್ಕದಲ್ಲಿ ರಾಗಿ ಬೀಸಿದರೂ ಏಳುವುದಿಲ್ಲ. ಇಂಥ ಮಗುವಾದರೆ ಹತ್ತು ಹೆರಬಹುದು ಎಂದು ಪಕ್ಕದ ಮನೆಯವರು ಹೊಟ್ಟೆಕಿಚ್ಚು ಪಡುತ್ತಾರೆ. ನನ್ನ ಮುಖ ಕಂಡರೆ ಬೊಚ್ಚುಬಾಯಿ ಬಿಟ್ಟು ನಗುತ್ತಾಳೆ. ನಿಮ್ಮ ಮುಖ ಕಂಡರೆ ಏನು ಮಾಡುತ್ತಾಳೋ, ಕಂಡಿದ್ದರೆ ತಾನೆ!

ಯಾವಾಗ ಬರುತ್ತೀರಿ? ಕಂಟೋನ್ಮೆಂಟಿನಿಂದ ಕೆ.ಆರ್. ಪುರಕ್ಕೆ ರೈಲು ಇನ್ನೂ ಓಡುತ್ತಿದೆ ಎಂದು ಕೇಳಿದ್ದೇನೆ.

ನಿಮ್ಮ ಪಾದಸೇವಕಿ ಎಂದು ಬರೆಯಬೇಕಂತೆ, ಬರೆದಿದ್ದೇನೆ.
ಮಂಜುಳ

ಹಲಸೂರು
18 ಮಾರ್ಚ್ 1943

ಮಂಜುಳಾ,

ಉತ್ತರ ತಡವಾಯಿತು. ಕೋಪ ಮಾಡಿಕೊಳ್ಳಬೇಡ, ನನ್ನ ಗತಿ ಕೇಳು.

ಮೂರನೆಯ ತಂಡ ಹೋಗಿ ನಾಲ್ಕನೆಯದು ಬಂತು, ಅದು ಹೋಗುವ ಮುಂಚೆ ಐದನೆಯದರ ಪಟ್ಟಿ ಬಂತು. ಮೇಜರ್ ಸಾಹೇಬರಿಗೆ ನನ್ನ ಪಾಠ ಬಹಳ ಹಿಡಿಸಿದೆಯಂತೆ. ಇದಕ್ಕಿಂತ ಕೆಟ್ಟ ಸುದ್ದಿ ಬೇರೆ ಇಲ್ಲ. ಹಿಡಿಸಿದ್ದರಿಂದ ಪರೀಕ್ಷೆಗಳನ್ನೆಲ್ಲ ಹಿಂದೂಸ್ತಾನಿಯಲ್ಲಿ ಬರೆದುಕೊಡಿ, ಕೋಲಾರದಿಂದ ಬರುವವರಿಗೂ ಒಂದು ತಂಡ ಮಾಡಿ, ಭಾನುವಾರ ಮೇಸ್ತ್ರಿಗಳಿಗೆ ಬೇರೆಯಾಗಿ ಹೇಳಿ ಎಂದು ಒಂದರ ಮೇಲೊಂದು ಹೇರುತ್ತಿದ್ದಾರೆ. ಆಗುವುದಿಲ್ಲ ಎಂದರೆ ಕಾಲೇಜಿಗೆ ಒಂದು ಸಾಲು ಬರೆಯುತ್ತಾರೆ. ಕಾಲೇಜಿನಲ್ಲಿ ನನ್ನ ಕುರ್ಚಿಯ ಮೇಲೆ ಈಗಾಗಲೇ ಬೇರೊಬ್ಬ ಕೂತಿದ್ದಾನೆ. ಅತ್ತ ಮೈಸೂರಿನಿಂದ ಪ್ರೊಫೆಸರರು ಬರೆದಿದ್ದಾರೆ: ಜೂನ್ ಒಳಗೆ ಹನ್ನೆರಡು ಮಕ್ಕಳ ವಿವರ ತಿಂಗಳು ತಪ್ಪದೆ ಪೂರ್ತಿಯಾಗಿರಬೇಕು, ಇಲ್ಲವಾದರೆ ಈ ವಿಷಯವನ್ನು ಕೈಬಿಡುವುದು ಒಳ್ಳೆಯದು. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಈಗ ಅರ್ಥ ತಿಳಿಯುತ್ತಿದೆ.

ಈ ತಿಂಗಳು ನನಗೆ ಜೋಗುಪಾಳ್ಯಕ್ಕೆ ಕಾಲಿಡಲಾಗಲಿಲ್ಲ. ವಾಜಿದ್‌ನನ್ನು ಕಳಿಸಿದೆ. ಮೊದಲ ತಂಡದಲ್ಲಿ ಕಲಿತು ನನ್ನ ಸಹಾಯಕ್ಕೆ ನಿಂತಿರುವ ಹುಡುಗ, ಬಂಗಾರದಂಥವನು. ಸಂಜೆ ಖುಷಿಯಾಗಿ ಬಂದು, ಸಾರ್, ಹನ್ನೆರಡಕ್ಕೆ ಹನ್ನೆರಡೂ ನೋಡಿದವು ಎಂದ. ನನಗೆ ಅನುಮಾನ ಬಂತು, ಎಲ್ಲಿ ನಿಂತು ಬಾರಿಸಿದೆ ಎಂದು ಕೇಳಿದೆ. "ಎದುರಿಗೇ ಸಾರ್. ಹಿಂದೆ ನಿಂತ್ರೆ ಮಕ್ಕಳು ಹೆದರ್ಕೊತಾವೆ ಅಲ್ವಾ?" ಎಂದ! ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಎರಡು ವಾರದ ತರಬೇತಿ ಕೊಟ್ಟವನು ನಾನೇ, ಯಾರನ್ನು ಬೈಯಲಿ. ಒಂದು ತಿಂಗಳ ಕೆಲಸ ನೀರಿಗೆ ಹೋಯಿತು. ಏಳನೆಯ ಮಗುವಿನ ತಾಯಿ ಸುರಯ್ಯಾ, ಸಿಪಾಯಿಗಳ ಅಂಗಿಗೆ ಗುಂಡಿ ಹೊಲಿಯುವವಳು, ನಿಮ್ಮ ಸಾಹೇಬರಿಗೆ ನಮ್ಮ ಮೇಲೆ ಬೇಸರವೇ ಎಂದು ವಾಜಿದ್‌ನನ್ನು ಕೇಳಿದಳಂತೆ.

ಪುಟ್ಟಿಯ ಜ್ವರ ಇಳಿದದ್ದು ಸಮಾಧಾನ. ಕಿವಿಗೆ ಎಣ್ಣೆ ಗಿಣ್ಣೆ ಖಂಡಿತ ಬಿಡಬೇಡಿ. ಮಕ್ಕಳಿಗೆ ಕಿವಿ ಒಸರುವುದು ಸಾಮಾನ್ಯ, ತಾನೇ ನಿಲ್ಲುತ್ತದೆ. ಈಗ ನನಗೆ ಉಳಿದಿರುವ ಶುದ್ಧವಾದ ಮಗು ಅವಳೊಬ್ಬಳೇ, ಆದ್ದರಿಂದ ಮನೆಯ ನಿಯಮ ಇನ್ನೂ ಬಿಗಿಯಾಗಿರಲಿ. ಯುಗಾದಿಗೆ ಬಂದೇ ಬರುತ್ತೇನೆ. ಹೋಳಿಗೆ ಎತ್ತಿಡು.

ನಿನ್ನ
ಅಂಜನಮೂರ್ತಿ

ಗರುಡಾಚಾರ್‌ಪಾಳ್ಯ
9 ಏಪ್ರಿಲ್ 1943

ಯಜಮಾನರಿಗೆ ನಮಸ್ಕಾರ.

ಹೋಳಿಗೆ ಎತ್ತಿಟ್ಟಿದ್ದೆ. ಮೂರನೆಯ ದಿನ ಹಳಸಿ ಎಮ್ಮೆಯ ಬಾನಿಗೆ ಹಾಕಿದೆ.

ಅದಿರಲಿ. ನಿನ್ನೆ ಮಧ್ಯಾಹ್ನದ ಸಂಗತಿ ಬರೆಯಬೇಕು. ಮೋಡ ಕವಿದು ಗಾಳಿ ಎದ್ದಿತು. ನಾನು ಪುಟ್ಟಿಯನ್ನು ತೊಟ್ಟಿಲಿಗೆ ಹಾಕಿ ಬಟ್ಟೆ ಎತ್ತಲು ಹೋಗಿದ್ದೆ. ಹಿಂದಿನ ಹುಣಸೆಮರಕ್ಕೆ ಸಿಡಿಲು ಬಡಿಯಿತು. ಮನೆಯ ಹೆಂಚು ಅದುರಿತು, ಅಮ್ಮ ಕಿರುಚಿಕೊಂಡಳು, ಎಮ್ಮೆ ಹಗ್ಗ ಹರಿಯಿತು. ನಾನು ತೊಟ್ಟಿಲ ಹತ್ತಿರ ಓಡಿದೆ. ಪುಟ್ಟಿ ಎದ್ದೇ ಇದ್ದಳು. ತೊಟ್ಟಿಲ ಹಗ್ಗಕ್ಕೆ ಕಟ್ಟಿದ ಕೆಂಪು ಬಟ್ಟೆಯ ಗಿಣಿಯನ್ನು ನೋಡುತ್ತ ಕಾಲು ಆಡಿಸುತ್ತಿದ್ದಳು. ಬೆಚ್ಚಿರಲಿಲ್ಲ, ಅತ್ತಿರಲಿಲ್ಲ. ನನ್ನ ಮುಖ ಕಂಡು ನಕ್ಕಳು.

ನನಗೆ ಭಯವಾಗುತ್ತಿದೆ. ಅವಳು ಸಾಧು ಎಂದು ನಾವೆಲ್ಲ ಹಿಗ್ಗುತ್ತಿದ್ದೆವಲ್ಲ, ಅದು ಸಾಧುತನವಲ್ಲ ಎನ್ನಿಸುತ್ತಿದೆ. ಈ ಮನೆಯಲ್ಲಿ ಗೆಜ್ಜೆ ಇಲ್ಲ, ಗಂಟೆ ಇಲ್ಲ, ಹಿಂದಿನಿಂದ ಕರೆಯುವವರಿಲ್ಲ. ಇದ್ದಿದ್ದರೆ ಎಂದೋ ಗೊತ್ತಾಗುತ್ತಿತ್ತೋ ಏನೋ. ಅಮ್ಮನ ಹತ್ತಿರ ಹೇಳಿದರೆ, "ಬಿಡ್ತು ಅನ್ನು, ಬಾಯಿಗೆ ಬಂದದ್ದು ಮಾತಾಡ್ಬೇಡ" ಎಂದು ಗದರಿದಳು. ಆದರೆ ಅವಳ ಮುಖವೂ ಬಿಳಿಚಿಕೊಂಡಿತ್ತು.

ಟ್ರಂಕು ತೆಗೆದು ಗಂಟೆ ನೋಡಿ ಮತ್ತೆ ಮುಚ್ಚಿಟ್ಟೆ. ಬಾರಿಸಲೇ? ಒಂದೇ ಸಲ, ಮೆಲ್ಲಗೆ. ನೀವು ಹೂಂ ಎಂದರೆ ಬಾರಿಸುತ್ತೇನೆ. ಅದಕ್ಕಿಂತ ನೀವೇ ಬಂದುಬಿಡಿ.

ಮಂಜುಳ

ಹಲಸೂರು
14 ಏಪ್ರಿಲ್ 1943

ಮಂಜುಳಾ,

ನಿನ್ನ ಕಾಗದ ಓದಿದೆ. ಸಮಾಧಾನ ಮಾಡಿಕೋ. ಸಿಡಿಲಿನಂಥ ದೊಡ್ಡ ಸದ್ದಿಗೆ ಬೆಚ್ಚುವುದು ಬೇರೆ, ಸಣ್ಣ ಸದ್ದಿಗೆ ತಿರುಗುವುದು ಬೇರೆ. ಕಣ್ಣೆದುರಿಗೆ ಕೆಂಪು ಗಿಣಿಯಂಥ ಬಣ್ಣದ ವಸ್ತುವಿದ್ದಾಗ ಕೂಸಿನ ಗಮನವೆಲ್ಲ ಕಣ್ಣಿಗೆ ಹೋಗಿರುತ್ತದೆ, ಕಿವಿಗೆ ಏನೂ ಬೀಳುವುದಿಲ್ಲ. ಇದರ ಬಗ್ಗೆ ನನ್ನ ಪ್ರಬಂಧದಲ್ಲಿ ಒಂದು ಇಡೀ ಅಧ್ಯಾಯವಿದೆ. ಜೋಗುಪಾಳ್ಯದ ಮೂರನೆಯ ಮಗುವೂ ಬಹಳ ನಿಧಾನವಾಗಿತ್ತು.

ಗಂಟೆಯನ್ನು ನೀನು ಬಾರಿಸಬೇಡ. ಹೆತ್ತ ತಾಯಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಆಸೆಯಿದ್ದರೆ ತಿರುಗಿತು ಎನ್ನಿಸುತ್ತದೆ, ಭಯವಿದ್ದರೆ ತಿರುಗಲಿಲ್ಲ ಎನ್ನಿಸುತ್ತದೆ. ಇದನ್ನೇ ದಿನಾ ಹವಾಲ್ದಾರರಿಗೆ ಹೇಳುತ್ತೇನೆ: ನಿಮಗೆ ಬೇಕಾದವನನ್ನು ನೀವು ಪರೀಕ್ಷೆ ಮಾಡಬೇಡಿ, ನಿಮ್ಮ ಕಣ್ಣು ನಿಮಗೇ ಸುಳ್ಳು ಹೇಳುತ್ತದೆ. ನಾನು ಬರುವವರೆಗೆ ಯಾರೂ ಏನೂ ಮಾಡಬೇಡಿ, ಎಲ್ಲಿಗೂ ಕರೆದುಕೊಂಡು ಹೋಗಬೇಡಿ. ಹೇಗಿದ್ದಾಳೋ ಹಾಗೇ ಇರಲಿ.

ಮೇ ಒಂದನೆಯ ತಾರೀಖು ಶನಿವಾರ, ನಾಲ್ಕು ತಿಂಗಳೂ ತುಂಬಿರುತ್ತದೆ. ಅಂದು ಮೇಜರ್ ಸಾಹೇಬರು ನೀಲಗಿರಿಗೆ ಹೋಗುತ್ತಾರೆ, ತರಗತಿಯಿಲ್ಲ. ಬೆಳಗಿನ ರೈಲಿಗೇ ಬರುತ್ತೇನೆ. ನಿಮ್ಮಪ್ಪನಿಗೆ ಗಾಡಿ ಕೆ.ಆರ್. ಪುರಕ್ಕೆ ಕಳಿಸಲು ಹೇಳು.

ನಿನ್ನ
ಅಂಜನಮೂರ್ತಿ

ಗರುಡಾಚಾರ್‌ಪಾಳ್ಯ
10 ಮೇ 1943

ಯಜಮಾನರಿಗೆ,

ಅಪ್ಪ ಶನಿವಾರ ಎರಡು ರೈಲು ಕಾದು ಬಂದರು. ಬಂದವರು ಊಟ ಮಾಡಲಿಲ್ಲ. ಮರುದಿನವೇ ನಾನು ಬರೆದ ಕಾಗದಕ್ಕೆ ನಿಮ್ಮ ಉತ್ತರವಿಲ್ಲ.

ಈಗ ಎರಡು ಕಿವಿಯೂ ಸೋರುತ್ತಿದೆ, ವಾಸನೆ ಬರುತ್ತಿದೆ. ದಿಂಬಿನ ಬಟ್ಟೆ ದಿನಾ ಒಗೆಯುತ್ತೇನೆ. ನೋವಿದೆಯೋ ಇಲ್ಲವೋ, ಕಿವಿಯ ಹತ್ತಿರ ಕೈ ತಂದರೆ ಮುಖ ಹೊರಳಿಸುತ್ತಾಳೆ. ದಂಡಿನ ಮಿಷನ್ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುವ ಲೇಡಿ ಡಾಕ್ಟರ್ ಇದ್ದಾರಂತೆ. ಕರೆದುಕೊಂಡು ಹೋಗೋಣವೆಂದು ಅಪ್ಪನನ್ನು ಕೇಳಿದೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ: ಐದನೆಯ ತಿಂಗಳಲ್ಲಿ ಗಂಡ ಬಂದು ಮಡಿಲು ತುಂಬಿಸಿಕೊಂಡು ಕರೆದೊಯ್ಯುವವರೆಗೆ ಬಾಣಂತಿ ಊರಗಡಿ ದಾಟುವ ಹಾಗಿಲ್ಲ. ದಾಟಿದರೆ ಕೂಸಿಗೆ ಕೆಡುಕಂತೆ. "ಅವ್ರು ಬರ್ದೆ ನಾನು ಕಳ್ಸಿದ್ರೆ ನಾಳೆ ಮಾತು ನನ್ನ ಮೇಲೆ ಬತ್ತದೆ" ಎನ್ನುತ್ತಾರೆ ಅಪ್ಪ. ಜೊತೆಗೆ, ಎಲ್ಲಿಗೂ ಕರೆದುಕೊಂಡು ಹೋಗಬೇಡಿ ಎಂದು ಅಳಿಯನೇ ಬರೆದಿದ್ದಾನಲ್ಲ ಎಂದು ನಿಮ್ಮ ಕಾಗದವನ್ನೇ ತೋರಿಸುತ್ತಾರೆ. ನನ್ನ ಕೈಕಾಲನ್ನು ಅವರ ಶಾಸ್ತ್ರ ಒಂದು ಕಡೆ, ನಿಮ್ಮ ಶಾಸ್ತ್ರ ಒಂದು ಕಡೆ ಕಟ್ಟಿಹಾಕಿವೆ. ನಿಮ್ಮದು ಓದಿದವರದು, ಅದಕ್ಕೇ ಗಂಟು ಬಲವಾಗಿದೆ.

ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುವುದನ್ನು ನಿಮಗೆ ಅನ್ನಬಾರದು, ಅಂದುಬಿಟ್ಟೆ. ಹನ್ನೆರಡು ಮನೆಯ ಮಕ್ಕಳ ತಲೆಯ ಹಿಂದೆ ನಿಲ್ಲಲು ಹೋಗುತ್ತೀರಲ್ಲ, ನಮ್ಮ ಮನೆ ಏಳೆಂಟು ಮೈಲಿ. ಸೈಕಲ್ಲಿನಲ್ಲಿ ಬರಬಹುದು. ನಡೆದೂ ಬರಬಹುದು. ಎರಡರಲ್ಲಿ ಒಂದು ಹೇಳಿ, ಬರುತ್ತೀರೋ, ಇಲ್ಲ ನಾನು ಗಂಟೆ ಬಾರಿಸಲೋ.

ಮಂಜುಳ

ಹಲಸೂರು
16 ಮೇ 1943

ಮಂಜುಳಾ,

ನಾನು ಆ ಶನಿವಾರ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗಿದ್ದೆ. ಟಿಕೆಟ್ಟನ್ನೂ ತೆಗೆದುಕೊಂಡಿದ್ದೆ. ರೈಲು ಬಂತು, ಸಿಪಾಯಿಗಳು ಹತ್ತಿದರು, ತರಕಾರಿಯವರು ಹತ್ತಿದರು, ನಾನು ಕಂಬ ಹಿಡಿದು ನಿಂತೇ ಇದ್ದೆ. ರೈಲು ಹೊರಟುಹೋಯಿತು. ಮುಂದಿನ ರೈಲಿಗೂ ಅದೇ ಆಯಿತು. ಆಮೇಲೆ ಕೆರೆಯ ಏರಿಯ ಮೇಲೆ ಸುಮ್ಮನೆ ಅಲೆದು ಕೋಣೆಗೆ ಬಂದೆ. ನಿನಗೆ ಸುಳ್ಳು ಕಾರಣ ಬರೆಯಲು ಎರಡು ಸಲ ಕೂತೆ, ಆಗಲಿಲ್ಲ.

ಮಂಜುಳಾ, ನನಗೆ ಗೊತ್ತು. ನಿನ್ನ ಫೆಬ್ರವರಿಯ ಕಾಗದದಲ್ಲೇ, ಪಕ್ಕದಲ್ಲಿ ರಾಗಿ ಬೀಸಿದರೂ ಏಳುವುದಿಲ್ಲ ಎಂದು ಓದಿದಾಗಲೇ ಅನುಮಾನ ಹುಟ್ಟಿತ್ತು. ಜ್ವರದಲ್ಲಿ ಕಿವಿ ಹೋಗುತ್ತದೆಂಬುದು ನಾನು ಪುಸ್ತಕದಲ್ಲಿ ಓದದ ವಿಷಯವೇನಲ್ಲ. ಮೂರನೆಯ ಮಗು ನಿಧಾನ ಎಂದು ಬರೆದೆನಲ್ಲ, ಅದೂ ನಾಲ್ಕು ತಿಂಗಳಿಗೆ ಮುಂಚೆಯೇ ತಿರುಗಿತ್ತು. ತಿರುಗದ ಒಂದು ಕೂಸನ್ನೂ ನಾನು ಕಂಡಿಲ್ಲ. ಇದನ್ನೆಲ್ಲ ಇಟ್ಟುಕೊಂಡು ನಿನಗೆ ಅಧ್ಯಾಯದ ಮಾತಾಡಿದೆ. ನಾನು ಬಂದು ಗಂಟೆ ಬಾರಿಸಿದರೆ ಅವಳು ತಿರುಗುವುದಿಲ್ಲ, ಅಷ್ಟಕ್ಕೆ ಎಲ್ಲ ತೀರ್ಮಾನವಾಗಿಬಿಡುತ್ತದೆ. ಬಾರಿಸದೆ ಇರುವವರೆಗೆ ನನ್ನ ಮಗಳಿಗೆ ಕಿವಿ ಕೇಳುತ್ತದೆ. ಈ ಹುಚ್ಚು ಆಸೆಯನ್ನು ಹಿಡಿದುಕೊಂಡು ತಂಡದ ಮೇಲೆ ತಂಡ ತೆಗೆದುಕೊಂಡೆ. ಮೇಜರ್ ಸಾಹೇಬರು ಹೇರಿದರೆಂದು ಬರೆದಿದ್ದೆ. ಅರ್ಧವನ್ನು ನಾನೇ ಕೇಳಿ ತೆಗೆದುಕೊಂಡೆ.

ಜೋಗುಪಾಳ್ಯದ ಕೆಲಸವೂ ನಿಂತಿದೆ. ಏಪ್ರಿಲ್‌ನಲ್ಲಿ ಹೋದೆ. ಸುರಯ್ಯಾಳ ಮಗನ ತಲೆಯ ಹಿಂದೆ ಗಂಟೆ ಆಡಿಸಿದ ತಕ್ಷಣ ಅವನು ಸರಕ್ಕನೆ ತಿರುಗಿ ನನ್ನ ಮುಖ ನೋಡಿ ನಕ್ಕ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಉಳಿದ ಮನೆಗಳಿಗೆ ಹೋಗದೆ ಬಂದುಬಿಟ್ಟೆ. ಪ್ರೊಫೆಸರರಿಗೆ ಇನ್ನೂ ಬರೆದಿಲ್ಲ.

ಮೊನ್ನೆ ತರಗತಿಯಲ್ಲಿ ಹೇಳುತ್ತಿದ್ದೆ, ಪರೀಕ್ಷೆಗೆ ಕೂತವನು ಹೆದರಿದ್ದರೆ ಮೊದಲು ಅವನಿಗೆ ನೀರು ಕೊಡಿ, ಊರು ಕೇರಿ ಕೇಳಿ, ಆಮೇಲೆ ಶುರು ಮಾಡಿ ಎಂದು. ವಾಜಿದ್ ಹಿಂದಿನ ಬೆಂಚಿನಿಂದ ಎದ್ದು, "ಸಾರ್, ಪರೀಕ್ಷೆ ಮಾಡೋನಿಗೇ ಭಯ ಆದ್ರೆ?" ಎಂದು ಕೇಳಿದ. ಅವನು ಏನೂ ತಿಳಿಯದೆ ಕೇಳಿದ್ದು. ನಾನು ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಹುಡುಕಿದೆ. ಅಂದಿನಿಂದ ತರಗತಿಯಲ್ಲಿ ಬೋರ್ಡಿಗೆ ಮುಖ ಮಾಡಿಯೇ ನಿಲ್ಲುತ್ತೇನೆ.

ನಾನು ಹೇಡಿ. ಬರುತ್ತೇನೆಂದು ಇನ್ನೊಂದು ತಾರೀಖು ಬರೆದರೆ ನೀನು ನಂಬಬೇಡ. ಗಂಟೆಯ ವಿಷಯ ನಿನಗೆ ಬಿಟ್ಟಿದ್ದೇನೆ.

ಅಂಜನಮೂರ್ತಿ

ಜೋಗುಪಾಳ್ಯ
27 ಮೇ 1943

ಯಜಮಾನರಿಗೆ,

ಮೇಲೆ ಬರೆದ ಊರಿನ ಹೆಸರು ನೋಡಿ ಗಾಬರಿಯಾಗಬೇಡಿ, ತಪ್ಪಿ ಬರೆದದ್ದಲ್ಲ.

ನಿಮ್ಮ ಕಾಗದ ಬಂದ ದಿನವೇ ಗಂಟೆ ತೆಗೆದೆ. ಹತ್ತಿ ಬಿಡಿಸಿ ಪಕ್ಕಕ್ಕಿಟ್ಟೆ. ಪುಟ್ಟಿಯನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ, ನೀವು ಹೇಳಿಕೊಟ್ಟ ಹಾಗೇ ಅವಳಿಗೆ ಕಾಣದಂತೆ ಹಿಂದೆ ನಿಂತೆ. ಮೆಲ್ಲಗೆ ಬಾರಿಸಿದೆ. ಜೋರಾಗಿ ಬಾರಿಸಿದೆ. ಆಮೇಲೆ ಎಷ್ಟು ಹೊತ್ತು ಬಾರಿಸಿದೆನೋ ಗೊತ್ತಿಲ್ಲ. ಪುಟ್ಟಿ ಅಮ್ಮನ ತಾಳಿಯ ಗುಂಡು ಹಿಡಿದು ಆಡುತ್ತಲೇ ಇದ್ದಳು. ತಿರುಗಿದವರು ಅಪ್ಪ. ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದವರು ಎದ್ದು ಬಾಗಿಲಲ್ಲಿ ನಿಂತು ನೋಡಿದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಬಾರಿಸುವುದನ್ನು ನಿಲ್ಲಿಸಲಿಲ್ಲ. ಅಪ್ಪ ಬಂದು ನನ್ನ ಕೈಯಿಂದ ಗಂಟೆ ಬಿಡಿಸಿಕೊಂಡರು.

ಹಾಗೇ ಹೊರಗೆ ಹೋಗಿ, ಅಟ್ಟದಿಂದ ಗೆಜ್ಜೆಸರ ಇಳಿಸಿ ಎತ್ತುಗಳ ಕೊರಳಿಗೆ ಕಟ್ಟಿದರು. ಆಮೇಲೆ ಒಳಗೆ ಬಂದು, "ಏಳವ್ವ, ಹೊರಡು. ಶಾಸ್ತ್ರ ನಾನು ನೋಡ್ಕೋತೀನಿ" ಎಂದರು. ಅಮ್ಮ ತಾನೇ ನನ್ನ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದಳು. ಗಂಡ ಮಾಡಬೇಕಾದ ಕೆಲಸವನ್ನು ಹೆತ್ತವರೇ ಮಾಡಿ ಮಗಳನ್ನು ಕಳಿಸಿಕೊಟ್ಟದ್ದು ನಮ್ಮೂರಲ್ಲಿ ಇದೇ ಮೊದಲಿರಬೇಕು.

ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಮಿಲಿಟರಿ ಲಾರಿಗಳು. ಹಲಸೂರು ಕೆರೆ ಬಂದಾಗ ನೀವು ಪಾಠ ಹೇಳುವ ಬಂಗಲೆ ಎಲ್ಲಿ ಎಂದು ಕೇಳಿಕೊಂಡು ಗೇಟಿನ ಮುಂದೆ ಗಾಡಿ ನಿಲ್ಲಿಸಿದೆವು. ನೀವೂ ಆಸ್ಪತ್ರೆಗೆ ಜೊತೆಯಲ್ಲಿ ಬರಲಿ ಎಂದು ಆಸೆ ಇತ್ತು, ಸುಳ್ಳೇಕೆ ಹೇಳಲಿ. ಕಾವಲಿನವನು ತರಗತಿ ನಡೆಯುತ್ತಿದೆ, ಕಾಯಿರಿ ಎಂದ. ಕಿಟಕಿ ತೆರೆದಿತ್ತು. ನೀವು ಬೋರ್ಡಿನ ಕಡೆ ಮುಖ ಮಾಡಿ ಏನೋ ಗೆರೆ ಎಳೆಯುತ್ತಿದ್ದಿರಿ. ಎರಡು ತಿಂಗಳಿಂದ ಎಣ್ಣೆ ಕಾಣದವರ ಹಾಗೆ ತಲೆ ಕೆದರಿತ್ತು, ಅಂಗಿಯ ಬೆನ್ನು ಹರಿದಿತ್ತು. ಅಪ್ಪ ಬೇಕೆಂದೇ ನೊಗ ಹಿಡಿದು ಅಲ್ಲಾಡಿಸಿದರು. ಅಷ್ಟು ತಿಂಗಳು ಸುಮ್ಮನಿದ್ದ ಗೆಜ್ಜೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಬೆಂಚಿನ ಮೇಲಿದ್ದ ಹವಾಲ್ದಾರರೆಲ್ಲ ತಿರುಗಿ ನೋಡಿದರು. ಒಬ್ಬ ನಕ್ಕ. ಅಪ್ಪ ಇನ್ನೊಂದು ಸಲ ಅಲ್ಲಾಡಿಸಿದರು. ನೀವೊಬ್ಬರು ತಿರುಗಲಿಲ್ಲ.

ನೀವು ಕೇಳಿಸಿಕೊಂಡಿರಿ ಎಂದು ನನಗೆ ಗೊತ್ತು. ಕೈಯಲ್ಲಿನ ಸೀಮೆಸುಣ್ಣ ನಿಂತಿತ್ತು. ನಾನು ಅಪ್ಪನಿಗೆ, ಹೊಡೆಯಿರಿ ಗಾಡಿ ಎಂದೆ. ನಿಮ್ಮ ಹದಿಮೂರು ಮಕ್ಕಳ ಪಟ್ಟಿಯಲ್ಲಿ ಕೆಳಗೆ ಇನ್ನೊಂದು ಹೆಸರು, ನಿಮ್ಮದೇ ಹೆಸರು, ಸೇರಿಸಿಕೊಳ್ಳಿ, ಅದರ ಮುಂದೆ ಏನು ಬರೆಯಬೇಕೋ ನಿಮಗೇ ಗೊತ್ತಿದೆ.

ಲೇಡಿ ಡಾಕ್ಟರ್ ಬಹಳ ಹೊತ್ತು ನೋಡಿದರು. ಬಲಗಿವಿ ಹೋಗಿದೆ. ಎಡಗಿವಿಯಲ್ಲಿ ಸ್ವಲ್ಪ ಉಳಿದಿದೆ ಎನ್ನಿಸುತ್ತದೆ, ಕೀವು ನಿಂತರೆ ಅಷ್ಟನ್ನಾದರೂ ಉಳಿಸಬಹುದು, ಮಾತು ಕೊಡುವುದಿಲ್ಲ ಎಂದರು. ಜ್ವರ ಬಂದಾಗಲೇ ತಂದಿದ್ದರೆ ಎಂದು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು. ಅವರು ನಿಲ್ಲಿಸಿದ ಆ ಮಾತನ್ನು ನಾನು ದಿನಾ ಮುಗಿಸಿಕೊಳ್ಳುತ್ತಿದ್ದೇನೆ. ನಿಮ್ಮ ತಪ್ಪು ದೊಡ್ಡದು. ಕಾಗದದಲ್ಲಿ ಬಾರಿಸಲೇ ಬಾರಿಸಲೇ ಎಂದು ಕೇಳುತ್ತ ಕೂತದ್ದು ನನ್ನದು. ಹೆತ್ತವಳಿಗೆ ಯಾರ ಅಪ್ಪಣೆ ಬೇಕಾಗಿತ್ತು?

ದಿನಾ ಬೆಳಿಗ್ಗೆ ಕಿವಿ ತೊಳೆಸಬೇಕು. ಊರಿಂದ ಬಂದು ಹೋಗಲು ಆಗುವುದಿಲ್ಲ. ನಿಮ್ಮ ಕೋಣೆಗೆ ಬರಲು ಮನಸ್ಸು ಬರಲಿಲ್ಲ. ನೀವು ಬರೆದ ಸುರಯ್ಯಾಳ ಹೆಸರು ನೆನಪಿತ್ತು, ಜೋಗುಪಾಳ್ಯದಲ್ಲಿ ಗುಂಡಿ ಹೊಲಿಯುವ ಸುರಯ್ಯಾ ಎಂದು ಕೇಳಿದರೆ ಮಕ್ಕಳೇ ಮನೆ ತೋರಿಸಿದರು. ನಿಮ್ಮ ಹೆಂಡತಿ ಎಂದ ತಕ್ಷಣ ಒಳಗೆ ಕರೆದು ಚಾಪೆ ಹಾಸಿದಳು. ಪುಟ್ಟಿಯ ಸಂಗತಿ ಹೇಳಿದೆ. ಅವಳು ತನ್ನ ಮಗನನ್ನು ಎತ್ತಿಕೊಂಡು, "ಇವ್ನು ತಿರುಗಿದ್ದು ನೋಡಿ ಅವತ್ತು ಸಾಹೇಬ್ರು ಅತ್ರು ಅಕ್ಕ, ನಂಗೆ ಯಾಕೇಂತ ಗೊತ್ತಾಗ್ಲಿಲ್ಲ" ಎಂದಳು. ನೀವು ಅತ್ತಿದ್ದನ್ನು ನನಗೆ ಬರೆದಿರಲಿಲ್ಲ. ಅದೊಂದನ್ನು ಬರೆದಿದ್ದರೆ ನಾನು ಅಂದೇ ನಡೆದುಕೊಂಡಾದರೂ ಬಂದುಬಿಡುತ್ತಿದ್ದೆ.

ಅಪ್ಪ ಊರಿಗೆ ಹೋದರು. ಪುಟ್ಟಿಯ ಕಾಲಿಗೆ ಗೆಜ್ಜೆ ಹಾಕಿದ್ದೇನೆ, ಅವಳಿಗೆ ಕೇಳಿಸದಿದ್ದರೆ ನನಗಾದರೂ ಕೇಳಿಸಲಿ. ನಿಮ್ಮ ಗಂಟೆ ಈಗ ಅವಳ ಆಟದ ಸಾಮಾನು. ಬಾಯಲ್ಲಿಟ್ಟುಕೊಂಡು ಕಚ್ಚುತ್ತಾಳೆ, ನಿಜವಾಗಿ ಹಲ್ಲು ಬರುವ ಹೊತ್ತು.

ಈ ಮನೆಯಿಂದ ನಿಮ್ಮ ಕೋಣೆಗೆ ನಾಲ್ಕು ಬೀದಿ. ರೈಲು ಬೇಡ, ಟಿಕೆಟ್ಟು ಬೇಡ. ನಾನು ಕರೆಯುತ್ತಿಲ್ಲ, ಬೇಡವೆಂದೂ ಹೇಳುತ್ತಿಲ್ಲ. ಬರುವುದಾದರೆ ಎದುರಿನಿಂದ ಬನ್ನಿ. ಹಿಂದಿನಿಂದ ಬಂದರೆ ಅವಳಿಗೆ ಗೊತ್ತಾಗುವುದಿಲ್ಲ.

ಮಂಜುಳ